ಯಾರ ಮನೆ ಹುಡುಗಿ ಅಂತ ಕೇಳದ ಊರಿನಲ್ಲಿ

(ಶಿವಮೊಗ್ಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಮತ್ತು ಅವರ ಪೋಷಕರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ವಿದೇಶಕ್ಕೆ ಹೊರಟವರಿಗೆ ವೀಸಾ, ಫೀಸು, ಬ್ಯಾಂಕ್ ಸಾಲ, ರೂಮು ಇವುಗಳ ಬಗ್ಗೆ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ನಾನು ಇವತ್ತು ಬಟ್ಟೆಯ ಬಗ್ಗೆ ಮಾತಾಡುತ್ತೇನೆ. ಇದು ಹಗುರವಾದ ವಿಷಯ ಅಂತ ಕೆಲವರಿಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಊರು ಬಿಟ್ಟವರು ಬದಲಾಗುತ್ತಾರೆ. ಅದು ಮೊದಲು ಕಾಣುವುದು ಬಟ್ಟೆಯಲ್ಲಿ, ಕೂದಲಲ್ಲಿ. ಮನೆಯವರಿಗೆ ಮೊದಲು ಗಾಬರಿಯಾಗುವುದೂ ಅಲ್ಲೇ. ವಾಟ್ಸಾಪ್‌ನಲ್ಲಿ ಬಂದ ಒಂದು ಫೋಟೋ ನೋಡಿ "ಇದೇನೇ, ಹೀಗಾಗಿದ್ದಾಳಲ್ಲ ಇವಳು" ಅಂತ ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡುತ್ತಾರೆ. ಆ ಫೋಟೋದ ಹಿಂದೆ ಏನೇನು ನಡೆದಿರುತ್ತದೆ ಅಂತ ಹೇಳಬೇಕು ಅನ್ನುವುದು ನನ್ನ ಆಸೆ. ಇಲ್ಲಿ ಹೊರಡಲು ತಯಾರಾದ ಮಕ್ಕಳೂ ಇದ್ದೀರಿ, ಕಳಿಸಿಕೊಡುವ ಅಪ್ಪ ಅಮ್ಮಂದಿರೂ ಇದ್ದೀರಿ. ಇಬ್ಬರೂ ಕೇಳಿಸಿಕೊಳ್ಳಿ.

ನಾನು ಹೊಸನಗರದ ಕಡೆಯವಳು. ಇಲ್ಲಿ ಡಿಗ್ರಿ ಮುಗಿಸಿ ಫಿನ್ಲೆಂಡಿಗೆ ಓದಲು ಹೋದೆ. ಆಮೇಲೆ ಹೆಲ್ಸಿಂಕಿಯಲ್ಲೇ ಕೆಲವು ವರ್ಷ ಕೆಲಸ ಮಾಡಿದೆ. ಈಗ ಶಿವಮೊಗ್ಗದಲ್ಲಿದ್ದೇನೆ.

ನಮ್ಮ ಕಡೆ ಒಬ್ಬ ಹುಡುಗಿ ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಮೊದಲು ಏನು ಕೇಳುತ್ತಾರೆ? "ಯಾರ ಮನೆ ಹುಡುಗಿ?" ಹೆಸರು ಕೇಳುವುದು ಆಮೇಲೆ. ಅಪ್ಪನ ಹೆಸರು ಹೇಳಿದರೆ ಸಾಕು, ಅಜ್ಜನ ತೋಟ ಎಲ್ಲಿತ್ತು, ಅತ್ತೆಯನ್ನು ಎಲ್ಲಿಗೆ ಕೊಟ್ಟಿದ್ದಾರೆ, ಎಲ್ಲವನ್ನೂ ಅವರೇ ಹೇಳಿಬಿಡುತ್ತಾರೆ. ಇದರಲ್ಲಿ ಬಹಳ ಒಳ್ಳೆಯದಿದೆ. ಜುಲೈ ಮಳೆಯಲ್ಲಿ ಮರ ಬಿದ್ದು ರಸ್ತೆ ಬಂದ್ ಆದರೆ ಯಾರೋ ಒಬ್ಬರು ನಮ್ಮನ್ನು ತಮ್ಮ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕುತ್ತಾರೆ. ಆದರೆ ಹೀಗೆ ಎಲ್ಲರೂ ಬಲ್ಲವರಾದಾಗ ನಾವು ಹಾಕುವ ಬಟ್ಟೆಯೂ ಪೂರ್ತಿ ನಮ್ಮದಾಗಿರುವುದಿಲ್ಲ. ಅದು ಮನೆತನದ ಬಟ್ಟೆ. ಶಾಲೆಗೆ ಯೂನಿಫಾರ್ಮ್, ಮದುವೆಮನೆಗೆ ಅಮ್ಮ ಆರಿಸಿದ ಸೀರೆ, ಕಾಲೇಜಿಗೆ ಟೈಲರ್ ಹೊಲಿದಷ್ಟು ಉದ್ದದ ಚೂಡಿದಾರ. ಯಾರೂ ಜೋರು ಮಾಡಬೇಕಾಗಿಲ್ಲ. ತಾನಾಗಿಯೇ ನಡೆಯುತ್ತದೆ.

ಹೆಲ್ಸಿಂಕಿಯಲ್ಲಿ ಯಾರೂ ಕೇಳಲಿಲ್ಲ. ಅಲ್ಲಿ ಬಸ್ಸಿನಲ್ಲಿ ಪಕ್ಕದವರು ಮಾತಾಡಿಸುವುದೇ ಅಪರೂಪ. ಹೇಗೆ ಬೇಕಾದರೂ ಬಟ್ಟೆ ಹಾಕಿಕೊಳ್ಳಬಹುದಿತ್ತು. ಇದು ನಾನು ಅಲ್ಲಿ ಕಂಡ ಮೊದಲ ದೊಡ್ಡ ಸ್ವಾತಂತ್ರ್ಯ. ಜೊತೆಗೇ ಬಂದದ್ದು ಒಂಟಿತನ. ಹೊಸ ಬಟ್ಟೆ ಹಾಕಿಕೊಂಡು ಹೋದರೆ "ಚೆನ್ನಾಗಿದೆ ಮಾರಾಯ್ತಿ, ಎಷ್ಟು ಕೊಟ್ಟೆ?" ಅಂತ ಸೆರಗು ಮುಟ್ಟಿ ನೋಡುವವರೂ ಅಲ್ಲಿರಲಿಲ್ಲ. ಈ ಎರಡೂ ಒಟ್ಟಿಗೇ ಬರುತ್ತವೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡಲು ಆಗುವುದಿಲ್ಲ. ಹೊರಡುವ ಮಕ್ಕಳಿಗೆ ಇದು ಮೊದಲೇ ಗೊತ್ತಿರಲಿ.

ಇನ್ನು ಹವೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಇಂಥ ಕಡೆ ಬಟ್ಟೆ ಅಂದರೆ ಮೊದಲು ಕೆಲಸದ ಸಾಮಾನು. ನನ್ನ ಅಜ್ಜ ತೋಟಕ್ಕೆ ಹೋಗುವಾಗ ಕಂಬಳಿ ಕೊಪ್ಪೆ ಹಾಕುತ್ತಿದ್ದರು. ಉಣ್ಣೆ ನೆನೆದರೂ ಮೈ ಬೆಚ್ಚಗಿರುತ್ತದೆ. ನಾಟಿ ಮಾಡುವ ಹೆಂಗಸರು ತಲೆ, ಬೆನ್ನು ಮುಚ್ಚುವ ಗೊರಬು ಹಾಕಿಕೊಳ್ಳುತ್ತಿದ್ದರು. ಬಿದಿರಿನ ಸೀಳು, ಎಲೆ, ಅಷ್ಟೇ. ಬಗ್ಗಿ ಸಸಿ ನೆಡುವಾಗ ಬೆನ್ನು ನೆನೆಯಬಾರದು, ಎರಡೂ ಕೈ ಖಾಲಿ ಇರಬೇಕು. ಛತ್ರಿಯಿಂದ ಅದು ಆಗದ ಮಾತು. ಗೊರಬು ಯಾರು ಮೊದಲು ಕಟ್ಟಿದರೋ ಗೊತ್ತಿಲ್ಲ, ಅವರು ಬಹಳ ಜಾಣರು.

ಹೆಲ್ಸಿಂಕಿಯಲ್ಲಿ ಡಿಸೆಂಬರ್ ತಿಂಗಳ ಅತಿ ಚಿಕ್ಕ ಹಗಲು ಆರು ಗಂಟೆಗೂ ಕಡಿಮೆ. ಅಲ್ಲಿಯ ಜನರೂ ಬಟ್ಟೆಯನ್ನು ಹೀಗೇ ನೋಡುತ್ತಾರೆ. ಮೈಗೆ ಅಂಟಿದಂತೆ ಒಂದು ತೆಳು ಉಣ್ಣೆ ಬನಿಯನ್ನು, ಅದರ ಮೇಲೆ ದಪ್ಪ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಒಳಗೆ ಹತ್ತಿ ಬನಿಯನ್ನು ಹಾಕಿದರೆ ಅದು ಬೆವರು ಹಿಡಿದಿಟ್ಟುಕೊಂಡು ಆಮೇಲೆ ಮೈ ತಣ್ಣಗಾಗಿಸುತ್ತದೆ. ಕತ್ತಲಲ್ಲಿ ನಡೆಯುವವರು ಬೆಳಕು ಬಿದ್ದರೆ ಹೊಳೆಯುವ ಸಣ್ಣ ಬಿಲ್ಲೆಯೊಂದನ್ನು ಕೋಟಿಗೆ ನೇತುಹಾಕಿಕೊಳ್ಳಬೇಕು ಅಂತ ಕಾನೂನೇ ಇದೆ. ಶಾಲೆ ಮಕ್ಕಳಿಂದ ಮುದುಕರ ತನಕ ಎಲ್ಲರ ಕೋಟಿನಲ್ಲೂ ಅದು ತೂಗಾಡುತ್ತಿರುತ್ತದೆ. ಚಪ್ಪಲಿ, ಬೂಟು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಾರೆ, ಥೇಟ್ ನಮ್ಮ ಹಾಗೇ. ಹಾಗಾಗಿ ಅಲ್ಲಿ ಕಾಲುಚೀಲಕ್ಕೆ ಬಹಳ ಮರ್ಯಾದೆ. ತೂತು ಬಿದ್ದದ್ದನ್ನು ಹಾಕಿಕೊಂಡು ಯಾರ ಮನೆಗೂ ಹೋಗುವಂತಿಲ್ಲ.

ಮೊದಲ ಚಳಿಗಾಲದಲ್ಲಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಸುತ್ತಮುತ್ತ ಎಲ್ಲರದ್ದೂ ಕಪ್ಪು ಕೋಟು, ನನ್ನದೂ ಕಪ್ಪು ಕೋಟು. ಈ ನಕಲು ಮಾಡುವ ಹಂತವನ್ನು ಹೀಯಾಳಿಸುವವರಿದ್ದಾರೆ. ಅದು ಸರಿಯಲ್ಲ. ಹೊಸ ದೇಶದಲ್ಲಿ ನಮ್ಮ ಮುಖವೇ ಬೇರೆಯಾಗಿ ಕಾಣುತ್ತಿರುತ್ತದೆ. ಇಡೀ ದಿನ ಎಲ್ಲರ ಕಣ್ಣಿಗೆ ಬೀಳುವುದು ದಣಿವಿನ ಕೆಲಸ. ಎಲ್ಲರಂತೆ ಬಟ್ಟೆ ಹಾಕಿದರೆ ಸ್ವಲ್ಪ ಹೊತ್ತು ಆ ದಣಿವು ಕಡಿಮೆಯಾಗುತ್ತದೆ. ಅಷ್ಟು ವಿಶ್ರಾಂತಿ ಬೇಕು.

ಗಾಂಧೀಜಿಯವರನ್ನೇ ನೋಡಿ. 1888ರಲ್ಲಿ ಬ್ಯಾರಿಸ್ಟರ್ ಓದಲು ಇಂಗ್ಲೆಂಡಿಗೆ ಹೋದಾಗ ಅವರು ಹಡಗಿನಿಂದ ಇಳಿದದ್ದು ಬಿಳಿ ಫ್ಲಾನೆಲ್ ಸೂಟಿನಲ್ಲಿ. ಸೆಪ್ಟೆಂಬರ್ ಕೊನೆ. ಹಾಗೆ ಬಿಳಿ ಹಾಕಿದ್ದವರು ತಾವೊಬ್ಬರೇ ಎಂದು ಅವರೇ ಆತ್ಮಕಥೆಯಲ್ಲಿ ಬರೆದಿದ್ದಾರೆ. ಆಮೇಲೆ ಬಾಂಡ್ ಸ್ಟ್ರೀಟಿನಲ್ಲಿ ಹತ್ತು ಪೌಂಡಿನ ಸೂಟು ಹೊಲಿಸಿದರು. ಎತ್ತರದ ರೇಷ್ಮೆ ಟೋಪಿ ಕೊಂಡರು. ಟೈ ಕಟ್ಟಿ ತಲೆ ಬಾಚಿಕೊಳ್ಳಲು ದಿನಾ ಹತ್ತು ನಿಮಿಷ ಕನ್ನಡಿ ಮುಂದೆ ನಿಲ್ಲುತ್ತಿದ್ದರು. ಡ್ಯಾನ್ಸ್ ಕಲಿಯಲು ಹೋದರು, ಪಿಟೀಲು ಕೊಂಡರು. ಆ ಹುಚ್ಚು ಮೂರು ತಿಂಗಳಷ್ಟೇ ಇತ್ತು, ಆದರೆ ಅಚ್ಚುಕಟ್ಟಾಗಿ ಬಟ್ಟೆ ಹಾಕುವ ಅಭ್ಯಾಸ ವರ್ಷಗಟ್ಟಲೆ ಉಳಿಯಿತು. ಇದೇ ಮನುಷ್ಯ 1921ರಲ್ಲಿ ಮದುರೆಯಲ್ಲಿ ತುಂಡು ಪಂಚೆಗೆ ಬಂದರು. 1931ರಲ್ಲಿ ಅದೇ ಉಡುಪಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಗೆ ಹೋದರು. ಸೂಟು ಹಾಕಿ ನೋಡಿದವರು ಅದನ್ನು ಬಿಟ್ಟಾಗ ಆ ಬಿಡುವುದಕ್ಕೆ ತೂಕ ಬರುತ್ತದೆ. ಅದಕ್ಕೇ ಹೇಳುತ್ತೇನೆ, ನಿಮ್ಮ ಮಗ ಮೊದಲ ವರ್ಷ ಕಳಿಸಿದ ಫೋಟೋ ನೋಡಿ ತೀರ್ಮಾನಕ್ಕೆ ಬರಬೇಡಿ.

ನನಗೆ ಬಟ್ಟೆಯಲ್ಲಿ ನನ್ನದೇ ದಾರಿ ಸಿಕ್ಕಿದ್ದು ಹಳೆ ಬಟ್ಟೆ ಅಂಗಡಿಗಳಲ್ಲಿ. ಫಿನ್ಲೆಂಡಿನಲ್ಲಿ ಇವು ಊರೂರಲ್ಲೂ ಇವೆ. ಕೆಲವು ಕಡೆ ಪದ್ಧತಿ ಹೀಗೆ: ಬಟ್ಟೆ ಮಾರುವವರು ಅಂಗಡಿಯಲ್ಲಿ ಒಂದು ಕಪಾಟನ್ನು ಒಂದು ವಾರಕ್ಕೋ ಎರಡು ವಾರಕ್ಕೋ ಬಾಡಿಗೆಗೆ ತೆಗೆದುಕೊಳ್ಳುತ್ತಾರೆ. ತಮ್ಮ ಹಳೆ ಬಟ್ಟೆ, ಪಾತ್ರೆ, ಪುಸ್ತಕಕ್ಕೆ ತಾವೇ ಬೆಲೆ ಚೀಟಿ ಅಂಟಿಸಿ ಇಟ್ಟು ಹೋಗುತ್ತಾರೆ. ದುಡ್ಡು ತೆಗೆದುಕೊಳ್ಳುವುದು ಅಂಗಡಿಯವರ ಕೆಲಸ. ನಮ್ಮಲ್ಲಿ ಬೇರೆಯವರು ಉಟ್ಟು ಬಿಟ್ಟ ಬಟ್ಟೆ ಅಂದರೆ ಮುಖ ಸಿಂಡರಿಸುತ್ತೇವೆ. ಅಕ್ಕನ ಲಂಗ ತಂಗಿಗೆ, ಅಣ್ಣನ ಅಂಗಿ ತಮ್ಮನಿಗೆ ಬರಬಹುದು. ಹೊರಗಿನವರದ್ದು ಮಾತ್ರ ಬೇಡ. ಅಲ್ಲಿ ಡಾಕ್ಟರು, ಪ್ರೊಫೆಸರು ಎಲ್ಲರೂ ಬಂದು ಹುಡುಕುತ್ತಾರೆ. ನನಗೆ ಅದೊಂದು ಪ್ರಯೋಗಶಾಲೆ ಆಯಿತು. ಕೆಲವು ಯೂರೋ ಕೊಟ್ಟು ಅಗಲ ಪ್ಯಾಂಟು ತಂದು ನೋಡುವುದು. ಗಂಡಸರ ಉಣ್ಣೆ ಕೋಟು ತಂದು ತೋಳು ಚಿಕ್ಕದು ಮಾಡಿಕೊಳ್ಳುವುದು. ಸರಿ ಬರದಿದ್ದರೆ ನಾನೇ ಒಂದು ಕಪಾಟು ಬಾಡಿಗೆಗೆ ಹಿಡಿದು ಮಾರುವುದು. ದೊಡ್ಡ ಸಂಬಳ ಇಲ್ಲದೆಯೂ ಒಬ್ಬ ಮನುಷ್ಯ ತನಗೆ ಏನು ಒಪ್ಪುತ್ತದೆ ಅಂತ ಕಂಡುಕೊಳ್ಳಬಹುದು. ನನಗೆ ಜೇಬು ಬೇಕು, ಬೇಗ ಬೇಗ ನಡೆಯಲು ಬರಬೇಕು, ಕುತ್ತಿಗೆ ಬಿಗಿಯಬಾರದು. ಅಷ್ಟು ಗೊತ್ತಾದ ಮೇಲೆ ಮಿಕ್ಕದ್ದು ಸುಲಭ.

ಫಿನ್ಲೆಂಡಿನವರು ಸಪ್ಪೆ ಜನ, ಕಪ್ಪು ಬೂದು ಬಿಟ್ಟು ಬೇರೆ ಬಣ್ಣ ಗೊತ್ತಿಲ್ಲ ಅಂತ ಹೇಳುವವರಿದ್ದಾರೆ. ಅದು ಅರ್ಧ ಸತ್ಯ. ಎರಡನೇ ಮಹಾಯುದ್ಧ ಮುಗಿದು ಕೆಲವೇ ವರ್ಷಕ್ಕೆ, 1951ರಲ್ಲಿ, ಆರ್ಮಿ ರಾತಿಯಾ ಎಂಬ ಹೆಂಗಸು ಮಾರಿಮೆಕ್ಕೋ ಅನ್ನುವ ಬಟ್ಟೆ ಕಂಪನಿ ಶುರು ಮಾಡಿದರು. ನಮ್ಮ ಬಟ್ಟೆಯ ಮೇಲೆ ಹೂವಿನ ಚಿತ್ರ ಬೇಡ ಅಂತ ಅವರು ಹೇಳಿದ್ದರಂತೆ. ಅಲ್ಲಿ ಕೆಲಸ ಮಾಡುತ್ತಿದ್ದ ಮಾಯಾ ಇಸೋಲಾ 1964ರಲ್ಲಿ ದೊಡ್ಡ ದೊಡ್ಡ ಗಸಗಸೆ ಹೂವು ಬರೆದೇ ಬಿಟ್ಟರು. ಆ ವಿನ್ಯಾಸ ಇವತ್ತಿಗೂ ಮಾರಾಟವಾಗುತ್ತಿದೆ. ಪರದೆ, ಚೀಲ, ಅಂಗಿ, ಎಲ್ಲದರ ಮೇಲೂ ಆ ಹೂವು.

ವಿದ್ಯಾರ್ಥಿಗಳ ಉಡುಪು ಇನ್ನೂ ಚೆಂದ. ಅಲ್ಲಿ ಕಾಲೇಜು ಮಕ್ಕಳು ಹಬ್ಬ, ಪಾರ್ಟಿ ಅಂದರೆ ಮೆಕ್ಯಾನಿಕ್‌ಗಳು ಹಾಕುವಂಥ, ಮೇಲಿಂದ ಕೆಳಗಿನ ತನಕ ಒಂದೇ ಆಗಿರುವ ಡಾಂಗರಿ ಹಾಕುತ್ತಾರೆ. ಓದುವ ವಿಷಯ, ಕಾಲೇಜು ನೋಡಿಕೊಂಡು ಅದರ ಬಣ್ಣ. ಹೋದ ಕಾರ್ಯಕ್ರಮಗಳಲ್ಲಿ ಸಿಕ್ಕ ಬಟ್ಟೆಯ ಬಿಲ್ಲೆಗಳನ್ನು ಅದರ ಮೇಲೆ ಹೊಲಿದುಕೊಳ್ಳುತ್ತಾರೆ. ಕೋರ್ಸು ಮುಗಿಯುವ ಹೊತ್ತಿಗೆ ಡಾಂಗರಿಯ ಬಟ್ಟೆಯೇ ಕಾಣುವುದಿಲ್ಲ. ಮೇ 1ರ ಹಬ್ಬಕ್ಕೆ ಬಿಳಿ ಟೋಪಿ ಹಾಕುತ್ತಾರೆ. ಹೈಸ್ಕೂಲು ದಾಟಿ ಮುಂದಿನ ಪರೀಕ್ಷೆ ಪಾಸಾದಾಗ ಸಿಕ್ಕ ಟೋಪಿ ಅದು. ಎಂಬತ್ತು ವರ್ಷದ ಅಜ್ಜಿಯೂ ತನ್ನ ಹಳದಿಗಟ್ಟಿದ ಟೋಪಿ ತೆಗೆದು ಹಾಕಿಕೊಂಡು ಬರುತ್ತಾಳೆ. ನೋಡಲು ಬಹಳ ಸಂತೋಷ.

ನನ್ನ ಡಾಂಗರಿಗೂ ಒಂದು ತುಂಡು ಹೊಲಿದೆ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ಚರಕ ಅನ್ನುವ ಹೆಣ್ಣುಮಕ್ಕಳ ಸಹಕಾರ ಸಂಘ ಇದೆ, ನಿಮಗೆ ಗೊತ್ತಿರುತ್ತದೆ. ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ್ದು. ಕೈಮಗ್ಗದ ಬಟ್ಟೆ, ಗಿಡಮೂಲದ ಬಣ್ಣ. ಅಲ್ಲಿ ಅಡಿಕೆ ಚೊಗರಿನಿಂದಲೂ ಬಣ್ಣ ಹಾಕುತ್ತಾರೆ. ಹಸಿ ಅಡಿಕೆ ಸುಲಿದು ಬೇಯಿಸಿದಾಗ ಉಳಿಯುವ ಕೆಂಪು ರಸ ನಮಗೆಲ್ಲ ಚಿಕ್ಕಂದಿನಿಂದ ಗೊತ್ತು. ಫ್ರಾಕಿಗೆ ತಾಗಿದರೆ ಹೋಗುವುದಿಲ್ಲ ಅಂತ ಅಮ್ಮ ಬೈಯುತ್ತಿದ್ದದ್ದೂ ಗೊತ್ತು. ಹಳೆಯ ಕುರ್ತಾ ಒಂದರಿಂದ ಆ ಬಣ್ಣದ ತುಂಡು ಕತ್ತರಿಸಿ ತೋಳಿಗೆ ಹೊಲಿದುಕೊಂಡೆ. ಸಹಪಾಠಿಗಳು ಕೇಳಿದರು. ಅಡಿಕೆ ಗೊನೆ ಕೊಯ್ಯುವುದರಿಂದ ಹಿಡಿದು ಚಪ್ಪರದ ಮೇಲೆ ಒಣಗಿಸುವ ತನಕ ಹೇಳಿದೆ. ಊರಲ್ಲಿದ್ದಾಗ ಚೊಗರಿನ ಬಣ್ಣವನ್ನು ನಾನು ಒಂದು ದಿನವೂ ನಿಂತು ನೋಡಿರಲಿಲ್ಲ. ದೂರ ಹೋದಾಗ ಹೀಗಾಗುತ್ತದೆ. ನಮ್ಮ ತೀರ್ಥಹಳ್ಳಿ ಕಡೆಯ ಅನಂತಮೂರ್ತಿಯವರೂ ಮಲೆನಾಡಿನ ಅಗ್ರಹಾರದ ಕಾದಂಬರಿ ಬರೆದದ್ದು ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತು, ಅಲ್ವಾ?

ಒಂದು ಹಳೆಯ ಫೋಟೋದ ಬಗ್ಗೆ ಹೇಳಬೇಕು. 1885ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ, ಹೆಣ್ಣುಮಕ್ಕಳ ವೈದ್ಯಕೀಯ ಕಾಲೇಜಿನಲ್ಲಿ ತೆಗೆದದ್ದು. ಮೂವರು ವಿದ್ಯಾರ್ಥಿನಿಯರು. ನಮ್ಮ ದೇಶದ ಆನಂದಿಬಾಯಿ ಜೋಶಿ ಸೀರೆಯಲ್ಲಿ, ಜಪಾನಿನ ಕೇಯಿ ಒಕಾಮಿ ಕಿಮೋನೋದಲ್ಲಿ, ಸಿರಿಯಾದ ಸಬಾತ್ ಇಸ್ಲಾಂಬೂಲಿ ತಮ್ಮ ಊರಿನ ಉಡುಪಿನಲ್ಲಿ. ಆನಂದಿಬಾಯಿ ಸೀರೆ ಬಿಡಲಿಲ್ಲ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ವಿಷಯ. ಮರಾಠಿ ಹೆಂಗಸರ ಒಂಬತ್ತು ಗಜದ ಕಚ್ಚೆ ಸೀರೆಯಲ್ಲಿ ಮೀನಖಂಡ ಮುಚ್ಚುವುದಿಲ್ಲ. ಆ ಚಳಿಯಲ್ಲಿ ಅದು ಆಗುವುದಿಲ್ಲ. ಅದಕ್ಕೆ ಅವರು ಪಾದದ ತನಕ ಬರುವ ಗುಜರಾತಿ ಶೈಲಿಯಲ್ಲಿ ಸೀರೆ ಉಡಲು ಶುರು ಮಾಡಿದರು. ಯೋಚನೆ ಮಾಡಿ. ಇಪ್ಪತ್ತೂ ತುಂಬದ ಹುಡುಗಿ. ಹೆಂಗಸು ಸಮುದ್ರ ದಾಟಿದ್ದೇ ತಪ್ಪು ಅನ್ನುತ್ತಿದ್ದ ಕಾಲ. ಯಾವುದು ಉಳಿಸಿಕೊಳ್ಳಬೇಕು, ಯಾವುದು ಬದಲಾಯಿಸಬೇಕು ಅಂತ ಅವರೇ ಕೂತು ತೀರ್ಮಾನ ಮಾಡಿದರು. ಬೇರೆ ದೇಶದಲ್ಲಿ ಹೊಸದಾಗಿ ಬದುಕು ಕಟ್ಟಿಕೊಳ್ಳುವುದು ಅಂದರೆ ನನ್ನ ಕಣ್ಣಿಗೆ ಇದೇ. 1886ರಲ್ಲಿ ಅವರು ಡಾಕ್ಟರಾದರು. ಮರುವರ್ಷವೇ ತೀರಿಕೊಂಡರು ಅನ್ನುವುದು ನೆನೆದರೆ ಈಗಲೂ ಸಂಕಟವಾಗುತ್ತದೆ.

"ಕೋಟು ಬೂಟು ಹಾಕಿದವರು ಸಂಸ್ಕೃತಿ ಮರೆತವರು" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಅಂಬೇಡ್ಕರ್ ಅವರ ಸೂಟನ್ನು ಯಾರು ನಕಲು ಅನ್ನಬಲ್ಲರು? ಒಳ್ಳೆಯ ಬಟ್ಟೆ ಹಾಕುವುದನ್ನೇ ತಡೆದಿದ್ದ ಸಮಾಜದಲ್ಲಿ ಹುಟ್ಟಿ, 1913ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಓದಲು ಹೋದವರು ಅವರು. 1927ರ ಕೊನೆಯಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಸೇರಿದ್ದ ದಲಿತ ಹೆಣ್ಣುಮಕ್ಕಳಿಗೆ, ಮೇಲೆತ್ತಿ ಉಡುವ ರೀತಿ ಬಿಟ್ಟು ಪೂರ್ತಿ ಸೀರೆ ಉಡಿ, ಜಾತಿ ಹೇಳುವ ಭಾರದ ಒಡವೆ ತೆಗೆದುಹಾಕಿ ಅಂತ ಹೇಳಿದರು. ನಮ್ಮ ಮಲೆನಾಡಿನಲ್ಲೂ ದೊಡ್ಡ ಮನೆಯ ಜಗಲಿ ಮುಂದೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿದ್ದ ಜನ ಇದ್ದರು. ಅಂಥ ಮನೆಯ ಮಗ ಇವತ್ತು ಬರ್ಲಿನ್‌ನಲ್ಲಿ ಒಳ್ಳೆಯ ಬೂಟು ಕೊಂಡು ಫೋಟೋ ಹಾಕಿದರೆ ಅದು ಬರೀ ಶೋಕಿಯಲ್ಲ. ಊರು ಎಲ್ಲರಿಗೂ ಒಂದೇ ಥರ ಇರಲಿಲ್ಲ. ಹಾಗಾಗಿ ಊರು ಬಿಟ್ಟ ಮೇಲೆ ಎಲ್ಲರೂ ಒಂದೇ ಥರದ ನೆನಪನ್ನು ಮೈಮೇಲೆ ಹೊರಬೇಕು ಅಂತ ಕೇಳುವುದು ನ್ಯಾಯವಲ್ಲ.

ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ನಮ್ಮಲ್ಲಿ ಬಹಳ ಜನಕ್ಕೆ ಸರ್‌ನೇಮ್ ಇರುವುದಿಲ್ಲ, ಇನಿಷಿಯಲ್ ಇರುತ್ತದೆ. ಪಾಸ್‌ಪೋರ್ಟಿಗೆ ಅದನ್ನು ಬಿಡಿಸಿ ಬರೆದಾಗ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೂರುತ್ತದೆ. ಆಮೇಲೆ ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ನಮ್ಮನ್ನು ಅಪ್ಪನ ಹೆಸರಿನಿಂದ ಕರೆಯುತ್ತಾರೆ. ಅರ್ಜಿ ತುಂಬುವ ದಿನವೇ ಮನೆಯವರೆಲ್ಲ ಕೂತು ಯೋಚಿಸಿ. ಮುಂದೆ ಬದಲಾಯಿಸುವುದು ಬಹಳ ಓಡಾಟದ ಕೆಲಸ.

ಈಗ ವಾಪಸ್ ಬರುವ ಮಾತು. ನನಗೆ ನಿಜಕ್ಕೂ ಹೇಳಬೇಕಾಗಿದ್ದು ಇದು. ಬೆಂಗಳೂರಿನಿಂದ ಬರುವ ರೈಲು ಭದ್ರಾವತಿ ಹತ್ತಿರ ಬರುತ್ತಿದ್ದಂತೆ ಕೆಲವು ಹುಡುಗಿಯರು ಬ್ಯಾಗಿನಿಂದ ದುಪಟ್ಟಾ ತೆಗೆಯುತ್ತಾರೆ. ಕೆಲವರು ಬಾತ್‌ರೂಮಿಗೆ ಹೋಗಿ ಪೂರ್ತಿ ಬಟ್ಟೆ ಬದಲಾಯಿಸಿ ಬರುತ್ತಾರೆ. ವಿದೇಶದಿಂದ ಬಂದವರೂ ಇದನ್ನೇ ಮಾಡುತ್ತಾರೆ. ನನಗೆ ಗೊತ್ತಿದ್ದ ಒಬ್ಬ ಹುಡುಗ ಆಸೆಪಟ್ಟು ಭುಜದ ತನಕ ಕೂದಲು ಬಿಟ್ಟಿದ್ದ. ಊರಿಗೆ ಬರುವ ಮುಂಚೆ ಬೆಂಗಳೂರಿನಲ್ಲೇ ಕತ್ತರಿಸಿಕೊಂಡ. ಅಲ್ಲಿ ಆರಾಮಾಗಿ ಇದ್ದ ಮನುಷ್ಯ ಸ್ವಂತ ಮನೆಗೆ ಬರುವಾಗ ವೇಷ ಹಾಕಬೇಕು ಅಂದರೆ, ಅವನು ನಿಮ್ಮ ಹತ್ತಿರ ಇನ್ನೂ ಏನೇನು ಹೇಳದೆ ಇಟ್ಟುಕೊಂಡಿರಬಹುದು? ಒಂಟಿಯಾಗಿದ್ದೇನೆ ಅನ್ನುವುದು, ಕೆಲಸ ಹೋಯಿತು ಅನ್ನುವುದು, ಯಾರನ್ನೋ ಇಷ್ಟಪಟ್ಟಿದ್ದೇನೆ ಅನ್ನುವುದು? ಕೂದಲಿನ ಬಗ್ಗೆ ಒಂದು ಚುಚ್ಚು ಮಾತು ಆಡಿದರೆ ಈ ಎಲ್ಲ ಮಾತಿಗೂ ಬಾಗಿಲು ಹಾಕಿದ ಹಾಗೆ. ದಯವಿಟ್ಟು ಆಡಬೇಡಿ.

ನಾನು ಕೂದಲು ಕತ್ತರಿಸಿಕೊಂಡು, ದೊಗಲೆ ಪ್ಯಾಂಟು ಹಾಕಿಕೊಂಡು ಬಂದಾಗ ಅಮ್ಮ ಸ್ವಲ್ಪ ಹೊತ್ತು ನೋಡಿ "ತಲೆ ಬೇಗ ಒಣಗುತ್ತೆ, ಮಳೆಗಾಲಕ್ಕೆ ಒಳ್ಳೇದೇ" ಅಂದರು. ಅಪ್ಪ ಏನೂ ಹೇಳಲಿಲ್ಲ. ಒಂದು ದಿನ ತೋಟಕ್ಕೆ ಔಷಧಿ ಹೊಡೆಸಲು ಹೊರಟಾಗ ನನ್ನ ಮಳೆ ಜಾಕೆಟ್ ಕೇಳಿದರು. ಅದರ ಒಳಜೇಬಿಗೆ ಜಿಪ್ ಇತ್ತು, ಫೋನು ನೆನೆಯುವುದಿಲ್ಲ. ಈಗ ಆ ಜಾಕೆಟ್ ಅವರದ್ದೇ. ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ನಡೆಯುವುದಿಲ್ಲ ಅಂತ ಗೊತ್ತು. ನಮ್ಮ ಮನೆಯಲ್ಲೂ ಅತ್ತೆಯಂದಿರಿಗೆ ಒಪ್ಪಿಗೆಯಿರಲಿಲ್ಲ. ಆದರೆ ಅಪ್ಪ ಅಮ್ಮ ಒಂದು ಸಲ ನಿಮ್ಮ ಪಕ್ಕ ನಿಂತರೆ ಮಿಕ್ಕವರು ನಿಧಾನವಾಗಿ ಸುಮ್ಮನಾಗುತ್ತಾರೆ.

ಮಾತು ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಕೇಳಿದಳು, "ಮೇಡಂ, ಕೊನೆಗೆ ಪ್ಯಾಕ್ ಮಾಡುವಾಗ ಏನು ತೆಗೆದುಕೊಂಡು ಹೋಗಬೇಕು?" ಒಳ್ಳೆಯ ಪ್ರಶ್ನೆ. ಚಳಿ ಜಾಕೆಟ್ಟನ್ನು ಇಲ್ಲಿಂದ ಕೊಳ್ಳಬೇಡಿ. ಅಲ್ಲಿಯ ಚಳಿಗೆ ಅದು ಸಾಲುವುದಿಲ್ಲ, ಅಲ್ಲಿ ಹಳೆಯದೇ ಒಳ್ಳೆಯದು ಸಿಗುತ್ತದೆ. ಇಳಿದ ದಿನಕ್ಕೆ ಒಂದು ಸ್ವೆಟರ್, ಒಂದು ಶಾಲು ಇದ್ದರೆ ಆಯಿತು. ಸೂಜಿ ದಾರ ಇಟ್ಟುಕೊಳ್ಳಿ, ಗುಂಡಿ ಹೊಲಿಯಲು ಕಲಿತು ಹೋಗಿ, ಹುಡುಗರೂ ಅಷ್ಟೇ. ಸೀರೆ ಉಡುವ ಆಸೆ ಇದ್ದರೆ ಒಂದೇ ಒಂದು ಸೀರೆ ಸಾಕು, ಆದರೆ ಯಾರ ಸಹಾಯವೂ ಇಲ್ಲದೆ ಉಡಲು ಬರಬೇಕು. ಲಂಗದ ಒಳಗೆ ಉಣ್ಣೆಯ ಥರ್ಮಲ್ ಹಾಕಿಕೊಳ್ಳಿ, ಜನವರಿಯಲ್ಲೂ ಓಡಾಡಬಹುದು. ಬೂಟು ಹಾಕಿಕೊಂಡ ಮೇಲೆ ನೆರಿಗೆ ಹಿಡಿಯಿರಿ, ಮೊದಲೇ ಹಿಡಿದರೆ ಉದ್ದ ತಪ್ಪುತ್ತದೆ. ನೆಲದಿಂದ ನಾಲ್ಕು ಬೆರಳು ಮೇಲಿರಲಿ, ಇಲ್ಲದಿದ್ದರೆ ಅಂಚು ಹಿಮದಲ್ಲಿ ನೆನೆದು ಸಂಜೆ ತನಕ ಒಣಗುವುದಿಲ್ಲ. ಪಿನ್ನು ಮಾತ್ರ ಇಲ್ಲಿಂದಲೇ ಜಾಸ್ತಿ ತೆಗೆದುಕೊಂಡು ಹೋಗಿ.